ಯಕೃತ್ತಿನ ಸಂಶೋಧಕರನ್ನು ಬೆಳೆಸುವ ಬಗೆ

ಹೃದಯದ ಬಡಿತವನ್ನು ಎದೆಯ ಮೇಲೆ ಕೈಯಿಟ್ಟು ತಿಳಿಯಬಹುದು. ಹಸಿದ ಹೊಟ್ಟೆ ತನ್ನ ಇರವನ್ನು ತಾನೇ ಸಾರುತ್ತದೆ. ಉಸಿರು ಕಟ್ಟಿದೊಡನೆ ಶ್ವಾಸಕೋಶದ ನೆನಪು ಬರುತ್ತದೆ. ಆದರೆ ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋಗ್ರಾಮ್ ತೂಗುವ ಅಂಗವೊಂದು ಹಗಲಿರುಳೂ ದುಡಿಯುತ್ತಿದೆಯೆಂಬುದು, ಅದು ಕೆಡುವವರೆಗೆ ನಮ್ಮಲ್ಲಿ ಹಲವರಿಗೆ ನೆನಪಾಗುವುದೇ ಇಲ್ಲ. ಶಾಲೆಯ ಪುಸ್ತಕಗಳು ಇದನ್ನು ಪಿತ್ತಜನಕಾಂಗವೆನ್ನುತ್ತವೆ, ವೈದ್ಯರು ಯಕೃತ್ತೆನ್ನುತ್ತಾರೆ, ಆಡುಮಾತಿನಲ್ಲಿ ಇದೇ ಈಲಿ.

ಈ ಅಂಗದ ದುಡಿಮೆ ಅಲ್ಪವಾದುದಲ್ಲ. ಪ್ರತಿ ನಿಮಿಷವೂ ಸುಮಾರು ಒಂದೂವರೆ ಲೀಟರ್ ರಕ್ತ ಇದರ ಮೂಲಕ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವಂಥದು. ನಾವು ಉಂಡ ಅನ್ನದ ಸಾರದ ಬಹುಭಾಗ ಮೊದಲು ಇಲ್ಲಿಗೆ ಬಂದು ಲೆಕ್ಕ ಒಪ್ಪಿಸಿಯೇ ಮುಂದೆ ಹೋಗಬೇಕು. ಹೆಚ್ಚಾದ ಸಕ್ಕರೆಯನ್ನು ಗ್ಲೈಕೊಜನ್ ಆಗಿ ಮಾರ್ಪಡಿಸಿ ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಪಿತ್ತರಸವನ್ನು ಸ್ರವಿಸುವುದು, ಔಷಧಗಳನ್ನೂ ಮದ್ಯವನ್ನೂ ಒಡೆದು ಹೊರಹಾಕಲು ಅನುವು ಮಾಡುವುದು, ಇವೆಲ್ಲ ಈ ಒಂದೇ ಅಂಗದ ಹೊಣೆ. ಮೇಲಾಗಿ ಇದಕ್ಕೆ ಕಳೆದುಕೊಂಡುದನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿಯೂ ಉಂಟು. 1931ರಲ್ಲಿ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಅಮೆರಿಕದ ಸಂಶೋಧಕರು ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ಉಳಿದ ಭಾಗ ಕೆಲವೇ ವಾರಗಳಲ್ಲಿ ಹೆಚ್ಚುಕಡಮೆ ಮೊದಲಿನ ತೂಕಕ್ಕೆ ಬೆಳೆಯಿತು.

ಇಂತಹ ಸಹನೆಯುಳ್ಳ ಅಂಗ ನಮ್ಮ ಭಾಗ್ಯವೆನ್ನಬೇಕು. ಆದರೆ ಈ ಸಹನೆಯಲ್ಲಿಯೇ ಒಂದು ಅಪಾಯವೂ ಅಡಗಿದೆ. ಯಕೃತ್ತಿನ ಬಹುಭಾಗ ಕೆಟ್ಟುಹೋಗುವವರೆಗೆ ರೋಗಿಗೆ ನೋವಾಗಲಿ, ಅನುಮಾನವಾಗಲಿ ತೋರದಿರಬಹುದು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಜನ ಯಕೃತ್ತಿನ ರೋಗಗಳಿಂದ ಸಾಯುತ್ತಾರೆ. ಸಾಯುವ ಪ್ರತಿ 25 ಮಂದಿಯಲ್ಲಿ ಒಬ್ಬರು ಇವರು. ಈ ಸಮೀಕ್ಷೆಯನ್ನು ಬರೆದವರಲ್ಲಿ ಮೊದಲಿಗರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿಯವರು ಎಂಬುದನ್ನು ನಮ್ಮ ವಾಚಕರು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಸೋಂಕೂ, ಸುಮಾರು 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಸೋಂಕೂ ಇದ್ದುವು. ಇದಲ್ಲದೆ, ಮದ್ಯವನ್ನು ಮುಟ್ಟದವರಲ್ಲಿಯೂ ಯಕೃತ್ತಿನಲ್ಲಿ ಕೊಬ್ಬು ಸೇರುವ ರೋಗ ಹೆಚ್ಚುತ್ತಿರುವುದನ್ನು ಕಂಡು, 2021ರಲ್ಲಿ ಭಾರತ ಸರಕಾರ ಅದನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿಕೊಂಡಿತು.

ಈ ರೋಗಗಳ ಮಾತು ಬಂದಾಗ ಆಸ್ಪತ್ರೆಗಳು ಸಾಲವು, ಔಷಧ ದುಬಾರಿ, ಯಕೃತ್ತನ್ನು ದಾನ ಮಾಡುವವರು ಇಲ್ಲ ಎಂದು ನಾವು ಮರುಗುತ್ತೇವೆ. ಅವೆಲ್ಲ ನಿಜವೇ. ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ: ಈ ರೋಗಗಳನ್ನು ಅಭ್ಯಸಿಸುವ ಮುಂದಿನ ತಲೆಮಾರಿನ ಸಂಶೋಧಕರು ಎಲ್ಲಿಂದ ಬರಬೇಕು? ಅವರನ್ನು ಯಾರು, ಯಾವ ಬಗೆಯಲ್ಲಿ ಬೆಳೆಸಬೇಕು? ವಿಜ್ಞಾನವನ್ನು ಓದುತ್ತಿರುವ ತರುಣ ತರುಣಿಯರ ಬಾಳಿಗೆ ಈ ಪ್ರಶ್ನೆ ನೇರವಾಗಿ ಸಂಬಂಧಿಸಿದುದಾದ್ದರಿಂದ, ಇದರ ಬಗೆಗೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಹೇಳಬಯಸುತ್ತೇವೆ.

ಪಿಎಚ್.ಡಿ. ಎಂಬುದು ಹೆಸರಿನ ಹಿಂದೆ ಅಂಟಿಸಿಕೊಳ್ಳುವ ಬಿರುದೆಂಬ ಭಾವನೆ ನಮ್ಮಲ್ಲಿ ಬಳಕೆಯಲ್ಲಿದೆ. ನಿಜವಾಗಿ ಅದೊಂದು ಶಿಷ್ಯವೃತ್ತಿ. ನಾಲ್ಕೈದು ವರ್ಷಗಳ ಕಾಲ ಒಬ್ಬ ಅನುಭವಿಯ ಬಳಿ ಇದ್ದು, ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ಹಿಡಿದು, ಅದಕ್ಕೆ ಉತ್ತರ ಹುಡುಕುವ ಕಸುಬನ್ನು ಕಲಿಯುವುದೇ ಅದರ ತಿರುಳು. ಮಡಕೆ ಮಾಡುವುದನ್ನು ಪುಸ್ತಕ ಓದಿ ಕಲಿಯಲಾಗದಂತೆ ಇದನ್ನೂ ಕಲಿಯಲಾಗದು. ಈ ಅವಧಿಯಲ್ಲಿ ಶಿಷ್ಯನಿಗೆ ಅನ್ನ ಬಟ್ಟೆಗಳ ಚಿಂತೆ ಇರಬಾರದೆಂದು ಸರಕಾರಗಳೂ ಸಂಸ್ಥೆಗಳೂ ವೇತನ ಕೊಡುತ್ತವೆ. ಆದರೆ ಈ ವೇತನ ಕೊಡುವುದರಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಪರೀಕ್ಷೆಯಲ್ಲಿ ಗೆದ್ದ ಒಬ್ಬೊಬ್ಬನಿಗೂ ಹಣ ಕೊಟ್ಟು, ನಿನಗೆ ಬೇಕಾದ ಗುರುವನ್ನು ಹುಡುಕಿಕೊ ಎಂದು ಕಳುಹಿಸುತ್ತಾರೆ. ಇನ್ನೊಂದರಲ್ಲಿ ಒಂದು ಸಂಸ್ಥೆಗೆ ಹಣ ಕೊಟ್ಟು, ಇಷ್ಟು ಮಂದಿಯನ್ನು ಆರಿಸಿಕೊಂಡು ಈ ವಿಷಯದಲ್ಲಿ ಒಂದು ಕ್ರಮದಿಂದ ತರಬೇತು ಮಾಡಿ, ಅದರ ಲೆಕ್ಕ ಕೊಡಿ ಎನ್ನುತ್ತಾರೆ. ಮೊದಲನೆಯದು ವಿದ್ಯಾರ್ಥಿವೇತನ, ಎರಡನೆಯದು ತರಬೇತಿಯ ಕಾರ್ಯಕ್ರಮ. ಯಕೃತ್ತಿನ ರೋಗಗಳಂತಹ ವಿಷಯಕ್ಕೆ ಎರಡನೆಯದು ಅವಶ್ಯಕ, ಬರಿಯ ಮೊದಲನೆಯದು ಸಾಲದು ಎಂಬುದೇ ನಮ್ಮ ವಾದ. ಇದಕ್ಕೆ ಕಾರಣಗಳನ್ನು ಈ ವಿಷಯದ ಚರಿತ್ರೆಯಿಂದಲೇ ಕೊಡಬಹುದು.

ನಮ್ಮ ದೇಶದ ಮಕ್ಕಳಲ್ಲಿ ಒಂದು ಕಾಲಕ್ಕೆ ಒಂದು ಭಯಂಕರ ರೋಗವಿದ್ದಿತು. ಆರು ತಿಂಗಳಿನಿಂದ ನಾಲ್ಕೈದು ವರ್ಷದೊಳಗಿನ ಮಗುವಿನ ಯಕೃತ್ತು ಊದಿ ಕಲ್ಲಿನಂತೆ ಗಟ್ಟಿಯಾಗಿ, ಬಹುಪಾಲು ಮಕ್ಕಳು ಸಾಯುತ್ತಿದ್ದರು. ಭಾರತೀಯ ಮಕ್ಕಳ ಸಿರೋಸಿಸ್ ಎಂದೇ ವೈದ್ಯಗ್ರಂಥಗಳಲ್ಲಿ ಇದಕ್ಕೆ ಹೆಸರು. ಒಂದೇ ಮನೆಯಲ್ಲಿ ಒಂದರ ಮೇಲೊಂದು ಮಗು ಸತ್ತುದನ್ನು ಕಂಡು, ಇದು ವಂಶದ ದೋಷವಿರಬೇಕೆಂದು ಅನೇಕರು ಭಾವಿಸಿದ್ದರು. 1979ರಲ್ಲಿ ಡಾ. ಸ್ಟುವರ್ಟ್ ಟ್ಯಾನರ್ ಮತ್ತು ಅವರ ಸಂಗಡಿಗರು ಈ ಮಕ್ಕಳ ಯಕೃತ್ತಿನಲ್ಲಿ ತಾಮ್ರ ಬಹಳ ಹೆಚ್ಚಾಗಿರುವುದನ್ನು ತೋರಿಸಿದರು. ತಾಮ್ರವೆಲ್ಲಿಂದ ಬಂದಿತು? ಉತ್ತರ ಸೂಕ್ಷ್ಮದರ್ಶಕದಲ್ಲಿರಲಿಲ್ಲ, ಅಡಿಗೆಮನೆಯಲ್ಲಿದ್ದಿತು. ಪುಣೆಯ ಕೆ. ಇ. ಎಮ್. ಆಸ್ಪತ್ರೆಯ ಡಾ. ಶೀಲಾ ಭಾವೆ, ಡಾ. ಆನಂದ ಪಂಡಿತ್ ಅವರೊಡನೆ ಸೇರಿ ಟ್ಯಾನರ್ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದು ಹೊರಬಿತ್ತು. ರೋಗಕ್ಕೆ ತುತ್ತಾದ ಮಕ್ಕಳಿಗೆ ತಾಯಿಯ ಹಾಲನ್ನು ಬಹು ಬೇಗ ಬಿಡಿಸಿ ಹಸುವಿನ ಇಲ್ಲವೆ ಎಮ್ಮೆಯ ಹಾಲನ್ನು ಕೊಡಲಾಗಿತ್ತು. ಆ ಹಾಲನ್ನು ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಡಲಾಗಿತ್ತು. ಕಲಾಯಿಯಿಲ್ಲದ ಹಿತ್ತಾಳೆಯಿಂದ ಹಾಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಅಡಿಗೆ ಮಾಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಎಷ್ಟು ಸರಿಯೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು. ಹಾಲಿನ ಪಾತ್ರೆಗಳು ಬದಲಾದಂತೆ ಆ ರೋಗವೂ ವಿರಳವಾಯಿತು. ಇಂದು ಅದನ್ನು ಕಂಡ ಎಳೆಯ ವೈದ್ಯರು ಸಿಕ್ಕುವುದೇ ಕಷ್ಟ.

ಈ ಕೆಲಸವನ್ನು ಮಾಡಲು ಏನೇನು ಬೇಕಾಯಿತೆಂಬುದನ್ನು ಯೋಚಿಸೋಣ. ಮಗುವಿನ ಹೊಟ್ಟೆಯನ್ನು ಮುಟ್ಟಿ ರೋಗವನ್ನು ಗುರುತಿಸುವ ವೈದ್ಯ ಬೇಕು. ಯಕೃತ್ತಿನ ಚೂರಿನಲ್ಲಿ ತಾಮ್ರವನ್ನು ಅಳೆಯುವ ರಸಾಯನಜ್ಞ ಬೇಕು. ಮನೆಗಳ ತಾಯಂದಿರನ್ನು ಅವರ ಭಾಷೆಯಲ್ಲಿಯೇ ಮಾತನಾಡಿಸಿ, ಮಗುವಿಗೆ ಯಾವಾಗಿನಿಂದ ಯಾವ ಹಾಲು, ಯಾವ ಪಾತ್ರೆಯಲ್ಲಿ ಎಂದು ಕೇಳಿ ಬರೆದುಕೊಳ್ಳುವವರು ಬೇಕು. ರೋಗವಿರುವ ಮನೆಗಳನ್ನೂ ಇಲ್ಲದ ಮನೆಗಳನ್ನೂ ಹೋಲಿಸಿ, ಇದು ಆಕಸ್ಮಿಕವೋ ಅಲ್ಲವೋ ಎಂದು ಹೇಳುವ ಸಂಖ್ಯಾಶಾಸ್ತ್ರಜ್ಞ ಬೇಕು. ಈ ನಾಲ್ವರು ಒಬ್ಬರ ಮಾತು ಒಬ್ಬರಿಗೆ ತಿಳಿಯುವಂತೆ ಬೆಳೆದಿರದಿದ್ದರೆ ತಾಮ್ರದ ಅಂಕೆ ಒಂದು ಲೇಖನದಲ್ಲಿ ಉಳಿಯುತ್ತಿತ್ತು, ಹಿತ್ತಾಳೆಯ ಪಾತ್ರೆ ಒಲೆಯ ಮೇಲೆಯೇ ಉಳಿಯುತ್ತಿತ್ತು. ಪರೀಕ್ಷೆ ಗೆದ್ದ ಒಬ್ಬ ತರುಣನಿಗೆ ವೇತನ ಕೊಟ್ಟು ಒಂದು ಪ್ರಯೋಗಶಾಲೆಯ ಮೂಲೆಯಲ್ಲಿ ಕೂರಿಸಿದರೆ ಈ ಬಗೆಯ ಒಡನಾಟ ತಾನಾಗಿ ಬರುವುದಿಲ್ಲ. ಅದನ್ನು ಬೇಕೆಂದೇ ಏರ್ಪಡಿಸಬೇಕು.

ಎರಡನೆಯ ಉದಾಹರಣೆ ಬರೂಚ್ ಬ್ಲಂಬರ್ಗ್ ಅವರದು. ಇವರು 1951ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು. ಅಷ್ಟಕ್ಕೇ ತೃಪ್ತರಾಗದೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋಗಿ ಜೀವರಸಾಯನದಲ್ಲಿ ಡಾಕ್ಟರೇಟಿಗಾಗಿ ದುಡಿದು 1957ರಲ್ಲಿ ಅದನ್ನು ಮುಗಿಸಿದರು. ಅಲ್ಲಿ ಅವರ ವಿಷಯ ಯಕೃತ್ತೇ ಅಲ್ಲ! ಆದರೆ ರೋಗಿಯನ್ನು ಬಲ್ಲವನಿಗೆ ಪ್ರೋಟೀನುಗಳನ್ನು ಅಳೆಯುವ ವಿದ್ಯೆಯೂ ಕೈಗೂಡಿತು. ಜನಾಂಗದಿಂದ ಜನಾಂಗಕ್ಕೆ ರಕ್ತದ ಪ್ರೋಟೀನುಗಳು ಹೇಗೆ ವ್ಯತ್ಯಾಸವಾಗುತ್ತವೆಂದು ಪರೀಕ್ಷಿಸುತ್ತಿದ್ದಾಗ, ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಅವರಿಗೊಂದು ಅಪರಿಚಿತ ವಸ್ತು ದೊರೆಯಿತು. 1965ರಲ್ಲಿ ಅದನ್ನು ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸಿನ ಹೊದಿಕೆಯ ಭಾಗವೆಂಬುದು ಮುಂದಿನ ಕೆಲವು ವರ್ಷಗಳಲ್ಲಿ ತಿಳಿದುಬಂತು. ರಕ್ತವನ್ನು ಕೊಡುವ ಮುನ್ನ ಪರೀಕ್ಷಿಸುವುದು ಇದರಿಂದ ಸಾಧ್ಯವಾಯಿತು. 1976ರಲ್ಲಿ ಬ್ಲಂಬರ್ಗರಿಗೆ ನೊಬೆಲ್ ಪಾರಿತೋಷಕ ಬಂತು. 1981ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆಗೆ ಅನುಮತಿ ದೊರೆಯಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ ಸಂಸ್ಥೆ ಈ ಲಸಿಕೆಯನ್ನು ನಮ್ಮ ದೇಶದಲ್ಲಿಯೇ ತಯಾರಿಸಿ ಹೊರತಂದಿತು.

ಇದೇ ಬ್ಲಂಬರ್ಗರ ಹೆಸರು ನಮಗೆ ಇನ್ನೂ ಹತ್ತಿರದ ಒಂದು ಸಂಗತಿಯಲ್ಲಿ ಬರುತ್ತದೆ. ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕುಡಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. 1988ರಲ್ಲಿ ಮದರಾಸಿನ ಡಾ. ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲಂಬರ್ಗರೂ ಸೇರಿ, ಈ ಗಿಡವನ್ನು ಹೆಪಟೈಟಿಸ್ ಬಿ ಸೋಂಕುಳ್ಳವರ ಮೇಲೆ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಗಿಡದ ಪುಡಿಯನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 59 ಮಂದಿಯ ರಕ್ತದಿಂದ ವೈರಸಿನ ಕುರುಹು ಮಾಯವಾಗಿತ್ತು. ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 4 ಮಂದಿಯಲ್ಲಿ ಮಾತ್ರ. ಎಲ್ಲರೂ ಹಿಗ್ಗಿದರು. ಆದರೆ ಬೇರೆ ದೇಶಗಳಲ್ಲಿ ಮುಂದೆ ನಡೆದ ಪರೀಕ್ಷೆಗಳಲ್ಲಿ ಈ ಫಲ ಮತ್ತೆ ಕಾಣಿಸಲಿಲ್ಲ. ಆ ಗಿಡ ನಿರರ್ಥಕವೆಂದಾಗಲಿ, ಸಂಜೀವಿನಿಯೆಂದಾಗಲಿ ನಾವು ಇಲ್ಲಿ ತೀರ್ಪು ಕೊಡಲು ಹೊರಟಿಲ್ಲ. ಗಿಡ ಯಾವ ಜಾತಿಯದು, ಯಾವ ಕಾಲದಲ್ಲಿ ಕಿತ್ತದ್ದು, ರೋಗಿಗಳನ್ನು ಎಷ್ಟು ತಿಂಗಳು ಹಿಂಬಾಲಿಸಿ ನೋಡಿದರು, ಎಷ್ಟು ಮಂದಿ ನಡುವೆ ಬಿಟ್ಟುಹೋದರು, ಇಂತಹ ಪ್ರಶ್ನೆಗಳನ್ನು ಕೇಳಿ ಸಹನೆಯಿಂದ ಉತ್ತರ ಹುಡುಕುವವರು ನಮ್ಮಲ್ಲಿ ಸಾಕಷ್ಟಿಲ್ಲದ ಕಾರಣ, ನಮ್ಮ ಹಿತ್ತಲಿನ ಗಿಡವೊಂದರ ಬಗೆಗೇ ನಂಬುವವರು ನಂಬುತ್ತ, ಹಳಿಯುವವರು ಹಳಿಯುತ್ತ ಉಳಿದಿದ್ದೇವೆ. ಮೊದಲ ಫಲವನ್ನು ಕಂಡು ಹಿಗ್ಗುವುದು ಯಾರಿಗೂ ಸುಲಭ. ಅದನ್ನು ಎರಡನೆಯ ಸಲ, ಮೂರನೆಯ ಸಲ ಪರೀಕ್ಷೆಗೊಡ್ಡುವ ಮನಸ್ಸು ಶಿಕ್ಷಣದಿಂದ ಮಾತ್ರ ಬರುತ್ತದೆ.

ಮೂರನೆಯ ಮಾತು ಕೆಲಸದ ನಿರಂತರತೆಯನ್ನು ಕುರಿತದ್ದು. 1955ರ ನವೆಂಬರಿನಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿಯ ಕೊಳೆ ಸೇರಿ, 1956ರ ಜನವರಿಯೊಳಗೆ 29,000ಕ್ಕೂ ಮಿಕ್ಕು ಜನ ಕಾಮಾಲೆಯಿಂದ ಮಲಗಿದರು. ಆ ರೋಗಿಗಳಿಂದ ತೆಗೆದ ರಕ್ತದ ಸೀರಮ್ಮನ್ನು ಯಾರೋ ಜೋಪಾನವಾಗಿ ಕಾದಿರಿಸಿದರು. ಸುಮಾರು 25 ವರ್ಷಗಳ ಅನಂತರ, 1980ರಲ್ಲಿ, ಪುಣೆಯ ಸಂಶೋಧಕರೂ ಅಮೆರಿಕದ ಸಂಶೋಧಕರೂ ಅದನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿ, ಇದು ಎ ಹೆಪಟೈಟಿಸೂ ಅಲ್ಲ, ಬಿ ಹೆಪಟೈಟಿಸೂ ಅಲ್ಲ ಎಂದು ತೋರಿಸಿದರು. ಅದೇ ವರ್ಷ ಕಾಶ್ಮೀರದ ಡಾ. ಮಹಮ್ಮದ್ ಸುಲ್ತಾನ್ ಖುರೂ ಅಲ್ಲಿನ 1978ರ ಪಿಡುಗನ್ನು ವಿವರಿಸಿ, ನೀರಿನಿಂದ ಹರಡುವ ಹೊಸ ಬಗೆಯ ಹೆಪಟೈಟಿಸ್ ಇದೆಯೆಂದು ವಾದಿಸಿದರು. ಇಂದು ಇದನ್ನೇ ಹೆಪಟೈಟಿಸ್ ಇ ಎನ್ನುತ್ತೇವೆ. ಗರ್ಭಿಣಿಯರಿಗೆ ಇದು ಬಹಳ ಅಪಾಯಕರ. ಒಂದು ಸೀಸೆಯ ಮೇಲೆ ಹೆಸರು, ತಾರೀಖುಗಳನ್ನು ಸರಿಯಾಗಿ ಬರೆದಿಡದಿದ್ದರೆ, ಶೀತಪೆಟ್ಟಿಗೆಯನ್ನು ಒಂದು ವಾರ ನಿರ್ಲಕ್ಷಿಸಿದ್ದರೆ, ಆ ಕಾಲು ಶತಮಾನದ ಸಾಕ್ಷಿ ಅಳಿದುಹೋಗುತ್ತಿತ್ತು.

ಇಲ್ಲಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ನಮಗೆ ಪರಿಚಿತನಾದ ಒಬ್ಬ ಸಂಶೋಧಕ ವಿದ್ಯಾರ್ಥಿ ಯಕೃತ್ತಿನ ರೋಗಿಗಳ ರಕ್ತವನ್ನು ಆರಾರು ತಿಂಗಳಿಗೊಮ್ಮೆ ಪರೀಕ್ಷಿಸುವ ಕೆಲಸ ಕೈಗೊಂಡಿದ್ದ. ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಅವನ ವೇತನ ನಿಂತಿತು. ಹಣ ಮಂಜೂರಾಗಿದೆ, ಕಾಗದ ಬರಬೇಕು ಎಂಬ ಉತ್ತರ ಕೇಳುತ್ತ ಏಳೆಂಟು ತಿಂಗಳು ಕಳೆದುವು. ತಂದೆ ಸಣ್ಣ ಹಿಡುವಳಿದಾರರು. ಮಗ ಓದಿದ್ದು ಸಾಕೆಂದು ಅವರು ಹೇಳಲಿಲ್ಲ, ಆದರೆ ಹಣ ಕಳುಹಿಸುವುದೂ ಅವರಿಂದಾಗಲಿಲ್ಲ. ಅವನು ಸಂಜೆಯ ಹೊತ್ತು ಮನೆಪಾಠ ಹೇಳಿದ. ಆಮೇಲೆ ಬೆಳಗ್ಗೆಯೂ ಹೇಳತೊಡಗಿದ. ಕೊನೆಗೆ ವೇತನವೆಲ್ಲ ಒಟ್ಟಿಗೆ ಬಂದಿತು, ಒಂದು ಪೈಯೂ ಕಡಮೆಯಾಗಿರಲಿಲ್ಲ. ಆದರೆ ರೋಗಿಗಳ ಎರಡನೆಯ ಪರೀಕ್ಷೆ ಆಗಬೇಕಾದ ಕಾಲಕ್ಕೆ ಆಗಲೇ ಇಲ್ಲ. ಕೆಲವರ ವಿಳಾಸ ಬದಲಾಗಿತ್ತು, ಇಬ್ಬರು ತೀರಿಕೊಂಡಿದ್ದರು. ಆ ಅಧ್ಯಯನ ಮುರಿಯಿತು. ತಡವಾಗಿ ಬಂದ ಹಣ ಅವನ ಸಾಲವನ್ನು ತೀರಿಸಿತೇ ಹೊರತು ಕಳೆದುಹೋದ ಕಾಲವನ್ನು ತಂದುಕೊಡಲಿಲ್ಲ. ಇದು ಒಬ್ಬನ ಕಥೆಯಷ್ಟೇ ಎಂದು ತಳ್ಳಿಹಾಕುವಂತಿಲ್ಲ. ನಮ್ಮ ಸಂಶೋಧಕ ವಿದ್ಯಾರ್ಥಿಗಳನ್ನು ಕೇಳಿದರೆ ಇಂತಹ ಮಾತು ಹಲವರ ಬಾಯಿಂದ ಬರುತ್ತದೆ.

ಬೇರೆ ದೇಶಗಳು ಈ ವಿಷಯದಲ್ಲಿ ಏನು ಮಾಡಿವೆ? ಅಮೆರಿಕ 1974ರಲ್ಲಿ ಸಂಶೋಧನೆಯ ತರಬೇತಿಗಾಗಿಯೇ ಒಂದು ಕಾನೂನನ್ನು ಮಾಡಿತು. ಅದರ ಮೇರೆಗೆ ವಿಶ್ವವಿದ್ಯಾನಿಲಯಗಳು ಯಕೃತ್ತು ಮತ್ತು ಜೀರ್ಣಾಂಗಗಳ ರೋಗಗಳೇ ಮೊದಲಾದ ಗೊತ್ತಾದ ವಿಷಯಗಳಲ್ಲಿ ಇಷ್ಟು ತರಬೇತಿ ಸ್ಥಾನಗಳೆಂದು ಹಣ ಪಡೆದು, ವಿದ್ಯಾರ್ಥಿಗಳನ್ನು ತಾವೇ ಆರಿಸಿಕೊಳ್ಳುವ ಏರ್ಪಾಟಾಯಿತು. ಡಾಕ್ಟರೇಟಿಗೆ ಮುಂಚಿನ ಒಬ್ಬ ವಿದ್ಯಾರ್ಥಿಗೆ ಐದು ವರ್ಷಗಳವರೆಗೆ ಬೆಂಬಲ ಕೊಡಬಹುದು. ಆ ಹಣವನ್ನು ಮತ್ತೆ ಕೇಳುವಾಗ, ಹಿಂದೆ ತರಬೇತಾದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಲೆಕ್ಕವನ್ನು ವಿಶ್ವವಿದ್ಯಾನಿಲಯ ಕೊಡಬೇಕು. ಯೂರೋಪಿನ ಒಕ್ಕೂಟ ಮೇರಿ ಕ್ಯೂರಿಯ ಹೆಸರಿನಲ್ಲಿ ನಡೆಸುವ ಡಾಕ್ಟರೇಟ್ ಜಾಲಗಳ ಕ್ರಮ ಇನ್ನೂ ಸ್ವಾರಸ್ಯವಾದುದು. ಹಲವು ದೇಶಗಳ ಸಂಸ್ಥೆಗಳು ಸೇರಿ ಒಂದು ವಿಷಯವನ್ನು ಹಿಡಿಯುತ್ತವೆ. ವಿದ್ಯಾರ್ಥಿಯನ್ನು ನೌಕರನಂತೆ ಕರಾರು ಬರೆದುಕೊಂಡು ನೇಮಿಸಿಕೊಳ್ಳುತ್ತವೆ. ಒಂದೆಡೆ ಕಲಿತವನನ್ನು ಕೆಲವು ತಿಂಗಳು ಇನ್ನೊಂದೆಡೆಗೂ ಕಳುಹಿಸುತ್ತವೆ. 2017ರಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರಾ ನಗರವನ್ನು ಕೇಂದ್ರವಾಗಿಟ್ಟುಕೊಂಡು ಇಂತಹ ಜಾಲವೊಂದು ಯಕೃತ್ತಿನ ಕೊಬ್ಬಿನ ರೋಗವನ್ನು ಕುರಿತು ಆರಂಭವಾಯಿತು. ಬಾತು ಹೆಬ್ಬಾತುಗಳಿಗೆ ಬಲವಂತದಿಂದ ತಿನ್ನಿಸಿ ಯಕೃತ್ತನ್ನು ಕೊಬ್ಬಿಸಿ ಮಾಡುವ ಫ್ವಾ ಗ್ರಾ ಎಂಬ ಫ್ರೆಂಚ್ ಭಕ್ಷ್ಯದ ಹೆಸರನ್ನೇ ಅದಕ್ಕೆ ಇಟ್ಟುಕೊಂಡರು! ಈ ಜಾಲಗಳಿಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು; ನೇಮಕ ಮಾಡುವ ದೇಶದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ನೆಲಸಿರಬಾರದೆಂಬುದು ಮುಖ್ಯ ನಿಬಂಧನೆ. ಹೀಗಾಗಿ ನಮ್ಮ ವಿದ್ಯಾರ್ಥಿಗಳಿಗೂ ಆ ಬಾಗಿಲು ಮುಚ್ಚಿಲ್ಲ.

ನಮ್ಮ ದೇಶದಲ್ಲಿ ಏನೂ ಇಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. ದೆಹಲಿ ಸರಕಾರ ಸ್ಥಾಪಿಸಿದ ಯಕೃತ್ತು ಮತ್ತು ಪಿತ್ತ ವಿಜ್ಞಾನಗಳ ಸಂಸ್ಥೆ 2010ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಚಿಕಿತ್ಸೆಯೊಂದಿಗೆ ಡಾಕ್ಟರೇಟ್ ವ್ಯಾಸಂಗವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಜಿ. ಪದ್ಮನಾಭನ್ ಅವರು ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳ ಜೀನುಗಳು ಹೇಗೆ ಎಚ್ಚರಗೊಳ್ಳುತ್ತವೆಂಬುದನ್ನು ಅಭ್ಯಸಿಸಿದರು, ಅಲ್ಲಿಯೇ ಪ್ರೊ. ಸೌಮಿತ್ರ ದಾಸ್ ಅವರು ಹೆಪಟೈಟಿಸ್ ಸಿ ವೈರಸನ್ನು ಕುರಿತು ದುಡಿದಿದ್ದಾರೆ. ವೇತನವೂ ಮೊದಲಿಗಿಂತ ಉತ್ತಮವಾಗಿದೆ. ಕೇಂದ್ರ ಸರಕಾರದ ಕಿರಿಯ ಸಂಶೋಧಕ ವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 31,000 ರೂಪಾಯಿಗಳಿಂದ 37,000 ರೂಪಾಯಿಗಳಿಗೂ, ಹಿರಿಯ ಸಂಶೋಧಕ ವೇತನವನ್ನು 35,000 ರೂಪಾಯಿಗಳಿಂದ 42,000 ರೂಪಾಯಿಗಳಿಗೂ ಏರಿಸಲಾಯಿತು. ಇದು ಸಂತೋಷದ ಸಂಗತಿ. ಆದರೆ ವೇತನದ ಮೊತ್ತ ಏರಿದ ಮಾತ್ರಕ್ಕೆ ಶಿಕ್ಷಣದ ಕ್ರಮ ಹುಟ್ಟುವುದಿಲ್ಲ. ಜೀವವಿಜ್ಞಾನದ ಪದವೀಧರ ಐದು ವರ್ಷ ಯಕೃತ್ತಿನ ಜೀವಕೋಶಗಳ ಮೇಲೆ ಕೆಲಸ ಮಾಡಿ ಮಹಾಪ್ರಬಂಧ ಬರೆದರೂ ಒಬ್ಬ ಸಿರೋಸಿಸ್ ರೋಗಿಯನ್ನೂ ಕಂಡಿರದಿರುವುದು ಸಾಧ್ಯ. ದಿನಕ್ಕೆ ನಲವತ್ತು ರೋಗಿಗಳನ್ನು ನೋಡುವ ವೈದ್ಯ, ತನ್ನ ಮನಸ್ಸಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಪರೀಕ್ಷಿಸುವ ದಾರಿ ತಿಳಿಯದೆ ಅದನ್ನು ಮರೆಯುವುದೂ ಸಾಧ್ಯ. ಇವರಿಬ್ಬರೂ ಒಂದೇ ಊರಿನಲ್ಲಿ, ಒಮ್ಮೊಮ್ಮೆ ಒಂದೇ ರಸ್ತೆಯಲ್ಲಿ ಇದ್ದು, ಒಬ್ಬರನ್ನೊಬ್ಬರು ಅರಿಯದೆ ನಿವೃತ್ತರಾಗುವುದು ನಷ್ಟವಲ್ಲವೆ?

ಈ ವಾದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಔಷಧಕ್ಕೇ ಹಣವಿಲ್ಲದ ನಾಡಿನಲ್ಲಿ ಡಾಕ್ಟರೇಟುಗಳಿಗೆ ಹಣ ಸುರಿಯುವುದೆ ಎಂಬುದು ಮೊದಲನೆಯದು. ಇದಕ್ಕೆ ಹಿತ್ತಾಳೆ ಪಾತ್ರೆಯೇ ಉತ್ತರ. ಗಟ್ಟಿಯಾದ ಯಕೃತ್ತಿನ ಮಗುವಿಗೆ ಕೊಡುವ ಔಷಧಕ್ಕಿಂತ ಹಾಲಿನ ಪಾತ್ರೆಯನ್ನು ಬದಲಾಯಿಸುವುದು ಎಷ್ಟೋ ಅಗ್ಗ. ಆದರೆ ಬದಲಾಯಿಸಬೇಕೆಂದು ತಿಳಿಯಲು ಸಂಶೋಧಕರು ಬೇಕಾದರು. ಕಲಿತವರು ಹೊರದೇಶಕ್ಕೆ ಹೋಗುತ್ತಾರೆಂಬುದು ಎರಡನೆಯ ಆಕ್ಷೇಪ. ಹೋಗುವವರು ಹೋಗುತ್ತಾರೆ, ನಿಜ. ಆದರೆ ಒಬ್ಬೊಬ್ಬನಾಗಿ ಓದಿದವನಿಗೆ ಇಲ್ಲಿ ಬೇರಿಲ್ಲ. ಹತ್ತು ಮಂದಿ ಜೊತೆಗಾರರ ನಡುವೆ, ಇಲ್ಲಿನ ರೋಗಿಗಳ ನಡುವೆ ಬೆಳೆದವನಿಗೆ ಮರಳಿ ಬರಲು ಒಂದು ಮನೆಯಿರುತ್ತದೆ. ಒಂದೇ ಅಂಗವನ್ನು ಹಿಡಿದು ಓದಿದರೆ ದೃಷ್ಟಿ ಕಿರಿದಾಗುವುದೆಂಬುದು ಮೂರನೆಯದು. ಯಕೃತ್ತಿನ ಮಟ್ಟಿಗೆ ಈ ಭಯ ಬೇಡ. ವೈರಸ್, ಮದ್ಯ, ಕೊಬ್ಬು, ಲೋಹ, ಔಷಧ, ಅನುವಂಶಿಕತೆ, ಕುಡಿಯುವ ನೀರು ಎಲ್ಲವೂ ಇಲ್ಲಿಗೆ ಬಂದು ಸೇರುತ್ತವೆ. ಇದನ್ನು ಸರಿಯಾಗಿ ಓದಿದವನು ಅರ್ಧ ವೈದ್ಯವಿಜ್ಞಾನವನ್ನೇ ಓದಿದಂತೆ.

ನಾಲ್ಕನೆಯ ಆಕ್ಷೇಪಕ್ಕೆ ಮಾತ್ರ ನಮ್ಮ ಬಳಿ ಪೂರ್ಣ ಉತ್ತರವಿಲ್ಲ. ಡಾಕ್ಟರೇಟ್ ಪಡೆದವರಿಗೆಲ್ಲ ಉದ್ಯೋಗ ಎಲ್ಲಿದೆ? ಎಲ್ಲರಿಗೂ ವಿಶ್ವವಿದ್ಯಾನಿಲಯದಲ್ಲಿ ಕುರ್ಚಿ ಸಿಕ್ಕುವುದಿಲ್ಲ. ಸಿಕ್ಕುವುದೆಂದು ಯಾವ ಕಾರ್ಯಕ್ರಮವೂ ಹೇಳಬಾರದು. ಸೇರುವ ದಿನವೇ ಈ ಮಾತನ್ನು ವಿದ್ಯಾರ್ಥಿಯ ಮುಂದಿಡುವುದು ಪ್ರಾಮಾಣಿಕತೆಯ ಲಕ್ಷಣ. ಲಸಿಕೆ, ಔಷಧಗಳ ತಯಾರಿಕೆ, ಆಸ್ಪತ್ರೆಗಳ ಪರೀಕ್ಷಾಶಾಲೆ, ಸಾರ್ವಜನಿಕ ಆರೋಗ್ಯದ ಇಲಾಖೆ, ಅಧ್ಯಾಪನ, ವಿಜ್ಞಾನ ಬರವಣಿಗೆ ಇವಕ್ಕೂ ಅವನನ್ನು ಸಿದ್ಧಗೊಳಿಸುವುದು ಕಾರ್ಯಕ್ರಮದ ಕರ್ತವ್ಯ. ಹತ್ತು ಮಂದಿಗೆ ಮಾತ್ರ ಒಳ್ಳೆಯ ತರಬೇತಿ ಕೊಡಲು ಸಾಧ್ಯವಿದ್ದರೆ ಇಪ್ಪತ್ತು ಮಂದಿಯನ್ನು ಸೇರಿಸಿಕೊಳ್ಳಬಾರದು.

ಹಾಗಾದರೆ ನಮಗೆ ಬೇಕಾದುದೇನು? ಒಂದು ವೈದ್ಯಕೀಯ ಕಾಲೇಜೂ ಒಂದು ವಿಜ್ಞಾನ ಸಂಸ್ಥೆಯೂ ಜೊತೆಗೂಡಿ ನಡೆಸುವ ಕಾರ್ಯಕ್ರಮವೊಂದನ್ನು ನಾವು ಬಯಸುತ್ತೇವೆ. ವರ್ಷಕ್ಕೆ ಎಂಟೋ ಹತ್ತೋ ಮಂದಿ ಸಾಕು. ಅವರಲ್ಲಿ ಅರ್ಧದಷ್ಟು ವೈದ್ಯ ಪದವೀಧರರು, ಉಳಿದವರು ಜೀವವಿಜ್ಞಾನ, ರಸಾಯನ, ಸಂಖ್ಯಾಶಾಸ್ತ್ರಗಳನ್ನು ಓದಿದವರು. ಮೊದಲ ವರ್ಷ ಇವರೆಲ್ಲರೂ ಒಟ್ಟಾಗಿ ರೋಗಿಗಳ ವಾರ್ಡಿನಲ್ಲಿ, ಪ್ರಯೋಗಶಾಲೆಯಲ್ಲಿ, ಹಳ್ಳಿಯ ಮನೆಗಳಲ್ಲಿ ಕೆಲಸ ಕಲಿಯಲಿ. ಆಮೇಲೆ ಪ್ರಶ್ನೆಯನ್ನು ಆರಿಸಿಕೊಳ್ಳಲಿ. ಪ್ರತಿಯೊಬ್ಬರಿಗೂ ಇಬ್ಬರು ಗುರುಗಳಿರಲಿ, ಒಬ್ಬರು ವೈದ್ಯರು, ಒಬ್ಬರು ವಿಜ್ಞಾನಿಗಳು. ಒಬ್ಬ ವಿದ್ಯಾರ್ಥಿಯ ಪೂರ್ಣ ಅವಧಿಯ ವೇತನವನ್ನು ಅವನು ಸೇರುವ ಮುನ್ನವೇ ತೆಗೆದಿರಿಸಿ, ತಿಂಗಳ ಗೊತ್ತಾದ ದಿನ ಕೊಡಲಿ. ಹಾಗೆ ತೆಗೆದಿರಿಸಲು ಹಣವಿಲ್ಲದ ವರ್ಷ ಹೊಸಬರನ್ನು ಸೇರಿಸಿಕೊಳ್ಳುವುದೇ ಬೇಡ. ಅಧ್ಯಯನ ಮುಗಿದಾಗ ಪಂಡಿತರಿಗಾಗಿ ಮಹಾಪ್ರಬಂಧವನ್ನು ಬರೆದವರು, ರಕ್ತ ಕೊಟ್ಟ ರೋಗಿಗಳಿಗಾಗಿ ಅವರ ಭಾಷೆಯಲ್ಲಿ ನಾಲ್ಕು ಪುಟಗಳನ್ನಾದರೂ ಬರೆಯಲಿ. ಕೊನೆಯದಾಗಿ, ಎಷ್ಟು ಲೇಖನಗಳು ಅಚ್ಚಾದುವೆಂಬುದರಿಂದ ಮಾತ್ರ ಈ ಕಾರ್ಯಕ್ರಮವನ್ನು ಅಳೆಯದೆ, ಹತ್ತು ವರ್ಷಗಳ ಅನಂತರ ಇಲ್ಲಿ ಕಲಿತವರು ಏನು ಮಾಡುತ್ತಿದ್ದಾರೆ ಎಂಬುದರಿಂದ ಅಳೆಯಲಿ.

ಇದರಲ್ಲಿ ಅಸಾಧ್ಯವಾದುದು ಯಾವುದೂ ಇಲ್ಲ. ದೊಡ್ಡ ದೊಡ್ಡ ವೈದ್ಯಕೀಯ ಕಾಲೇಜುಗಳೂ, ನೂರು ವರ್ಷ ಮೀರಿದ ವಿಜ್ಞಾನ ಮಂದಿರವೂ ಇರುವ ಕರ್ನಾಟಕದಲ್ಲಿ ಇದನ್ನು ನಡೆಸಲು ಕಟ್ಟಡಗಳ ಕೊರತೆಯಿಲ್ಲ. ಕೊರತೆಯಿರುವುದು ಏರ್ಪಾಟಿನದು, ಮತ್ತು ಕೊಟ್ಟ ಮಾತನ್ನು ಪ್ರತಿ ತಿಂಗಳೂ ನಡೆಸುವ ಶಿಸ್ತಿನದು.

ಕೊನೆಯಲ್ಲಿ ನಮ್ಮ ತರುಣ ವಾಚಕರಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರಾದರೂ ಮುಂದೆ ಈ ದಾರಿಯನ್ನು ಹಿಡಿಯುವಿರಿ. ಆಗ ವೇತನ ಎಷ್ಟೆಂದು ಕೇಳಲು ನಾಚಬೇಡಿ. ಅದು ನಿಮ್ಮ ದುಡಿಮೆಗೆ ಸಲ್ಲಬೇಕಾದ ಕೂಲಿ, ಭಿಕ್ಷೆಯಲ್ಲ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ನನಗೆ ಯಾರು ಕಲಿಸುತ್ತಾರೆ, ನನ್ನ ಜೊತೆಗೆ ಯಾರು ಕಲಿಯುತ್ತಾರೆ, ನಾನು ಅಭ್ಯಸಿಸುವ ರೋಗವುಳ್ಳವರನ್ನು ನಾನು ಕಾಣುತ್ತೇನೆಯೆ, ನನಗಿಂತ ಮೊದಲು ಇಲ್ಲಿ ಓದಿದವರು ಈಗ ಎಲ್ಲಿದ್ದಾರೆ ಎಂದೂ ಕೇಳಿ. ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುವ ಸಂಸ್ಥೆ ಚಿಕ್ಕದಾಗಿದ್ದರೂ ಅಲ್ಲಿಗೆ ಹೋಗಿ. ಉತ್ತರ ಸಿಕ್ಕದಿದ್ದರೆ, ಕೇಳುವುದನ್ನು ಬಿಡಬೇಡಿ. ಕೇಳುವವರು ಹೆಚ್ಚಾದಂತೆ ಉತ್ತರ ಕೊಡಬಲ್ಲ ಸಂಸ್ಥೆಗಳೂ ಹೆಚ್ಚುತ್ತವೆಂಬುದು ನಮ್ಮ ನಂಬಿಕೆ.